ಒಳಪೆಟ್ಟು: ಎತ್ತರದ ನೆಲೆಗಳ ತಲೆಪೆಟ್ಟು ಮತ್ತು ನೆತ್ತರಿನ ಸಾಕ್ಷ್ಯ — ಮಾಗಡಿ ಸೀಮೆಯ ನೆಲೆಯಿಂದ ಒಂದು ವಿವೇಚನೆ

ಪ್ರವೇಶ

ಜನಪದರ ದೇಹಜ್ಞಾನವನ್ನು ಅರಿಯಬಯಸುವವರು ಸಾಮಾನ್ಯವಾಗಿ ಅವರ ಮದ್ದುಗಳ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಆದರೆ ಮದ್ದಿಗಿಂತ ಮೊದಲು ಹುಟ್ಟುವುದು ಮಾತು. ನೋವಿಗೆ ಜನ ಯಾವ ಹೆಸರಿಡುತ್ತಾರೆ, ಯಾವ ಗಾಯವನ್ನು ಯಾವುದರಿಂದ ಬೇರ್ಪಡಿಸುತ್ತಾರೆ ಎಂಬುದರಲ್ಲಿಯೇ ಅವರ ತಿಳಿವಳಿಕೆಯ ಬಹುಭಾಗ ಅಡಗಿದೆ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ತಾಲ್ಲೂಕುಗಳನ್ನೊಳಗೊಂಡ ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಒಳಪೆಟ್ಟು’ ಎಂಬ ಪದ ಈ ದೃಷ್ಟಿಯಿಂದ ಗಮನಾರ್ಹವಾದುದು. ಚರ್ಮ ಹರಿಯದೆ, ನೆತ್ತರು ಸುರಿಯದೆ, ದೇಹದ ಒಳಗೆ ಆಗಿರುವ ಘಾಸಿಯನ್ನು ಈ ಪದ ಸೂಚಿಸುತ್ತದೆ. ಮೇಲೆ ಕಾಣುವ ಗಾಯಕ್ಕೂ ಒಳಗಣ ಕೇಡಿಗೂ ಅಳತೆ ಒಂದೇ ಅಲ್ಲವೆಂಬ ಅರಿವು ಇದರ ಬೆನ್ನಿಗಿದೆ.

ಆಧುನಿಕ ವೈದ್ಯಶಾಸ್ತ್ರ ಮಿದುಳಿನ ಗಾಯವನ್ನು ಕುರಿತು ಕೇಳುತ್ತಿರುವ ಪ್ರಶ್ನೆಯೂ ಇದೇ: ಕಣ್ಣಿಗೆ ಕಾಣದ ಪೆಟ್ಟನ್ನು ಹೊರಗಿನಿಂದ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಕಳೆದ ಎರಡು ದಶಕಗಳಲ್ಲಿ ದೊರೆಯುತ್ತಿರುವ ಉತ್ತರಗಳಲ್ಲಿ ಒಂದು, ರಕ್ತದಲ್ಲಿ ಸುಳಿದಾಡುವ ‘ಮೈಕ್ರೊಆರ್‌ಎನ್‌ಎ’ ಎಂಬ ಅತಿಸೂಕ್ಷ್ಮ ಅಣುಗಳ ಏರಿಳಿತ. ಎತ್ತರದ ಪರ್ವತ ಪ್ರದೇಶಗಳಲ್ಲಿ ತೀವ್ರ ತಲೆಪೆಟ್ಟಾದವರಲ್ಲಿ ಈ ಏರಿಳಿತ ಹೇಗಿರುತ್ತದೆ ಎಂಬುದು ಪ್ರತ್ಯೇಕ ಸಂಶೋಧನೆಯ ವಸ್ತುವಾಗಿದೆ. ಈ ಸಂಶೋಧನೆಯ ತಿರುಳನ್ನು ವಿವರಿಸುವುದು, ಅದನ್ನು ಮಾಗಡಿ ಸೀಮೆಯ ಬೆಟ್ಟಗಳ ಹಾಗೂ ನಂಬಿಕೆಗಳ ಹಿನ್ನೆಲೆಯಲ್ಲಿಟ್ಟು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬೆಟ್ಟದ ಹೆಸರು, ದೇಹದ ಅನುಭವ

ಮಾಗಡಿಯ ಹೆಸರಿನೊಡನೆ ನೆನಪಾಗುವುದು ಕೆಂಪೇಗೌಡರ ವಂಶ, ತಿರುಮಲೆಯ ರಂಗನಾಥ ಮತ್ತು ಸಾವನದುರ್ಗ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಬಂಡೆಗಳು ಸೇರಿ ಆಗಿರುವ ಸಾವನದುರ್ಗ ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದಲ್ಲಿದೆ. ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ, 1340ರ ಉಲ್ಲೇಖದಲ್ಲಿ ‘ಸಾವಂದಿ’ ಎಂಬ ರೂಪ ದೊರೆಯುತ್ತದೆ. ಆದರೆ ಜನಮನದಲ್ಲಿ ನಿಂತಿರುವುದು ‘ಸಾವಿನ ದುರ್ಗ’ ಎಂಬ ಅರ್ಥ. 1791ರ ಡಿಸೆಂಬರ್ 21ರಂದು ಲಾರ್ಡ್ ಕಾರ್ನ್‌ವಾಲಿಸನ ಸೇನೆ ಈ ಕೋಟೆಯನ್ನು ಹಿಡಿದಾಗ, ಆ ಯುದ್ಧವನ್ನು ಕಂಡು ಬರೆದ ಆಂಗ್ಲರೂ ಇದನ್ನು ಸಾವಿನ ಬಂಡೆ ಎಂದೇ ಅರ್ಥೈಸಿದರು. ಸುತ್ತಣ ಕಾಡಿನ ಕೆಟ್ಟ ಗಾಳಿಯೂ ಆ ಹೆಸರಿಗೆ ಕಾರಣವಿರಬಹುದೆಂದು ಬಗೆದರು.

ಭಾಷಾಶಾಸ್ತ್ರದ ದೃಷ್ಟಿಯಿಂದ ಜನಪದ ನಿರುಕ್ತಿ ತಪ್ಪಾಗಿರಬಹುದು. ಅನುಭವದ ದೃಷ್ಟಿಯಿಂದ ಅದಕ್ಕೆ ಆಧಾರವಿದೆ. ನುಣುಪಾದ ಬಂಡೆಯ ಮೇಲೆ ಕಾಲು ಜಾರಿದರೆ ಹಿಡಿದುಕೊಳ್ಳಲು ಆಸರೆಯಿಲ್ಲ. ಈ ಸೀಮೆಯ ಕಾಡುಮೇಡುಗಳಲ್ಲಿ ಬಾಳಿಕೊಂಡು ಬಂದ ಇರುಳಿಗರಿಗೆ ಬಂಡೆಯ ಹೆಜ್ಜೇನು, ಗೆಡ್ಡೆಗೆಣಸು, ಕಾಡಿನ ಉತ್ಪನ್ನಗಳು ಜೀವನಾಧಾರವಾಗಿದ್ದವು. ತೆಂಗು, ಹುಣಸೆ, ಮಾವಿನ ಮರಗಳನ್ನು ಹತ್ತುವುದು ಬಯಲಿನ ರೈತರಿಗೂ ಕೂಲಿಕಾರರಿಗೂ ನಿತ್ಯದ ಕೆಲಸ. ಎತ್ತರದಿಂದ ಬೀಳುವ ಭಯ, ಬಿದ್ದವರನ್ನು ಹೊತ್ತು ತರುವ ಅನುಭವ ಈ ನೆಲಕ್ಕೆ ಹೊಸದಲ್ಲ. ರಸ್ತೆಗಳು ಹೆಚ್ಚಿದ ಮೇಲೆ ದ್ವಿಚಕ್ರ ವಾಹನದ ಅಪಘಾತಗಳು ಇದಕ್ಕೆ ಸೇರಿಕೊಂಡವು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ವೈದ್ಯರು ‘ಎತ್ತರದ ಪ್ರದೇಶ’ ಎಂದು ಸಾಮಾನ್ಯವಾಗಿ ಹೇಳುವುದು 2,500 ಮೀಟರಿಗಿಂತ ಮೇಲಿನ ನೆಲೆಗಳನ್ನು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಈ ಅರ್ಥದ ಎತ್ತರ ಕನ್ನಡ ನಾಡಿನ ಒಳಗೆ ಎಲ್ಲಿಯೂ ಇಲ್ಲ. ಸಾವನದುರ್ಗದಲ್ಲಿ ಅಪಾಯ ತರುವುದು ಬೀಳು. ಹಿಮಾಲಯದಲ್ಲಿ ಬೀಳಿನ ಜೊತೆಗೆ ಗಾಳಿಯೂ ಅಪಾಯಕಾರಿ. ಕನ್ನಡಿಗರು ಅಂಥ ಗಾಳಿಯನ್ನು ಎದುರಿಸುವುದು ಸೈನಿಕರಾಗಿ, ಕೇದಾರ, ಅಮರನಾಥ, ಮಾನಸಸರೋವರಗಳ ಯಾತ್ರಿಕರಾಗಿ, ಚಾರಣಿಗರಾಗಿ.

ತೆಳುಗಾಳಿಯ ತಿಳಿವಳಿಕೆ

ಎತ್ತರದ ಕಾಯಿಲೆಯನ್ನು ಕುರಿತ ಅತಿ ಹಳೆಯ ಉಲ್ಲೇಖಗಳಲ್ಲೊಂದು ಸ್ಥಳನಾಮದ ರೂಪದಲ್ಲಿರುವುದು ಜಾನಪದ ವಿದ್ವಾಂಸರಿಗೆ ಆಸಕ್ತಿಯ ಸಂಗತಿ. ಚೀನಾದ ಪ್ರಾಚೀನ ಹಾನ್ ವಂಶದ ಚರಿತ್ರೆಯಲ್ಲಿ, ಕ್ರಿ.ಪೂ. ಒಂದನೆಯ ಶತಮಾನದ ಸಂದರ್ಭದಲ್ಲಿ, ಪಶ್ಚಿಮದ ದಾರಿಯಲ್ಲಿರುವ ‘ದೊಡ್ಡ ತಲೆನೋವಿನ ಬೆಟ್ಟ’, ‘ಚಿಕ್ಕ ತಲೆನೋವಿನ ಬೆಟ್ಟ’ಗಳ ಪ್ರಸ್ತಾಪವಿದೆ. ಅಲ್ಲಿ ನಡೆಯುವವರಿಗೆ ತಲೆಶೂಲೆ, ವಾಂತಿ ಬರುತ್ತದೆಂದು ಹೇಳಿದೆ. ಹಿಮಾಲಯದ ಕಣಿವೆಗಳ ಜನ ಇದೇ ಅನುಭವವನ್ನು ವಿಷದ ಗಿಡಗಳ ಗಾಳಿಯೆಂದು ವಿವರಿಸಿಕೊಂಡಿದ್ದುದನ್ನು ಹಿಂದಿನ ಪ್ರವಾಸಿಗರು ದಾಖಲಿಸಿದ್ದಾರೆ. ಸಾವಿನ ದುರ್ಗ, ತಲೆನೋವಿನ ಬೆಟ್ಟ, ವಿಷದ ಗಾಳಿ — ಮೂರೂ ದೇಹದ ಅನುಭವವನ್ನು ನೆಲಕ್ಕೆ ಅಂಟಿಸಿದ ಹೆಸರುಗಳು.

ನಿಜವಾದ ಕಾರಣ ಗಾಳಿಯ ವಿಷವಲ್ಲ, ಅದರ ತೆಳುವು. ಎಲ್ಲ ಎತ್ತರಗಳಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇ. 21ರಷ್ಟೇ. ಮೇಲೇರಿದಂತೆ ಗಾಳಿಯ ಒತ್ತಡ ಕುಗ್ಗುವುದರಿಂದ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಲೇಹ್ ಪಟ್ಟಣವಿರುವ ಸುಮಾರು 3,500 ಮೀಟರ್ ಎತ್ತರದಲ್ಲಿ ಈ ಒತ್ತಡ ಕಡಲತೀರದ ಮೂರನೆಯ ಎರಡು ಭಾಗದಷ್ಟು. 5,500 ಮೀಟರಿನಲ್ಲಿ ಸರಿಸುಮಾರು ಅರ್ಧ. 1962ರ ಯುದ್ಧದ ನಂತರ ಭಾರತದ ಸೇನಾವೈದ್ಯರು ಈ ವಿಷಯವನ್ನು ಆಳವಾಗಿ ಅಭ್ಯಸಿಸಿದರು. 1,925 ಸೈನಿಕರನ್ನು ಪರಿಶೀಲಿಸಿ 1969ರಲ್ಲಿ ಅವರು ಪ್ರಕಟಿಸಿದ ಲೇಖನ ಪರ್ವತ ಕಾಯಿಲೆಯ ಅಧ್ಯಯನದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಕನ್ನಡಿಗರ ನೆನಪಿನಲ್ಲಿ ಈ ಎತ್ತರಕ್ಕೊಂದು ಹೆಸರಿದೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರಾದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ, 2016ರ ಫೆಬ್ರವರಿ 3ರಂದು ಹಿಮಪಾತಕ್ಕೆ ಸಿಲುಕಿದ ಹತ್ತು ಮಂದಿ ಸೈನಿಕರಲ್ಲಿ ಒಬ್ಬರು. ಫೆಬ್ರವರಿ 8ರಂದು ಅವರು ಹಿಮದಡಿಯಲ್ಲಿ ಜೀವಂತವಾಗಿ ಪತ್ತೆಯಾದರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಪ್ರಜ್ಞಾಹೀನ ಸ್ಥಿತಿಯಲ್ಲಿದ್ದ ಅವರ ಮಿದುಳಿಗೆ ಆಮ್ಲಜನಕದ ಕೊರತೆ ತಟ್ಟಿರುವುದು ಸಿ.ಟಿ. ಸ್ಕ್ಯಾನಿನಲ್ಲಿ ಕಂಡುಬಂದಿತ್ತು. ಫೆಬ್ರವರಿ 11ರಂದು ಅವರು ಹುತಾತ್ಮರಾದರು. ಅವರದು ಪೆಟ್ಟಿನಿಂದಾದ ಗಾಯವೆನ್ನುವುದಕ್ಕಿಂತ ಉಸಿರಿನ ಕೊರತೆಯಿಂದ ಮಿದುಳಿಗಾದ ಹಾನಿ. ಮೈಮೇಲಿನ ಗಾಯವನ್ನು ಕಟ್ಟಬಹುದು. ಹೀಗೆ ಒಳಗೆ ಆದ ಕೇಡನ್ನು ಅಳೆಯುವುದೇ ಕಷ್ಟವೆಂಬುದನ್ನು ಅಂದು ಇಡೀ ನಾಡು ಕಂಡಿತು. ಎತ್ತರದಲ್ಲಿ ತಲೆಗೆ ಪೆಟ್ಟು ಬಿದ್ದವರಲ್ಲಿ ಪೆಟ್ಟು ಮತ್ತು ಉಸಿರಿನ ಕೊರತೆ ಎರಡೂ ಒಂದೇ ದೇಹದಲ್ಲಿ ಕೂಡುತ್ತವೆ.

ಬುರುಡೆಯ ಒಳಗಿನ ಎರಡನೆಯ ಪೆಟ್ಟು

ಕನ್ನಡದಲ್ಲಿ ‘ಬುರುಡೆ’ ಎಂದರೆ ತಲೆಯ ಚಿಪ್ಪೂ ಹೌದು, ಒಣಗಿದ ಸೋರೆಯ ಚಿಪ್ಪೂ ಹೌದು. ಗಟ್ಟಿಯಾದ, ಹಿಗ್ಗದ ಪಾತ್ರೆ ಎಂಬ ಅರ್ಥ ಎರಡಕ್ಕೂ ಹೊಂದುತ್ತದೆ. ಮಿದುಳು, ರಕ್ತ, ಮಿದುಳುದ್ರವ — ಈ ಮೂರೂ ಆ ಪಾತ್ರೆಯಲ್ಲಿ ಇಕ್ಕಟ್ಟಾಗಿ ತುಂಬಿವೆ. ಪೆಟ್ಟಿನಿಂದ ಒಳಗೆ ನೆತ್ತರು ಸೋರಿದರೆ ಅಥವಾ ಮಿದುಳು ಊದಿಕೊಂಡರೆ ಹಿಗ್ಗಲು ಜಾಗವಿಲ್ಲ. ಒತ್ತಡ ಏರಿ ಮಿದುಳಿಗೆ ಹೋಗುವ ರಕ್ತವೇ ತಗ್ಗುತ್ತದೆ. ದೇಹದ ತೂಕದ ಶೇ. 2ರಷ್ಟಿರುವ ಮಿದುಳು ದೇಹ ಬಳಸುವ ಆಮ್ಲಜನಕದ ಸುಮಾರು ಶೇ. 20ರಷ್ಟನ್ನು ಬೇಡುತ್ತದೆ. ಆದ್ದರಿಂದ ತಲೆಪೆಟ್ಟಿಗೆ ಎರಡು ಹಂತಗಳಿವೆ. ಬಿದ್ದ ಕ್ಷಣದಲ್ಲಿ ಆಗುವುದು ಮೊದಲನೆಯದು; ಅದನ್ನು ಹಿಂದಕ್ಕೆ ಪಡೆಯಲಾಗದು. ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಊತ, ಉರಿಯೂತ, ಆಮ್ಲಜನಕದ ಕೊರತೆ, ರಕ್ತದೊತ್ತಡದ ಕುಸಿತಗಳಿಂದ ಆಗುವುದು ಎರಡನೆಯದು. ಚಿಕಿತ್ಸೆಯೆಲ್ಲ ಈ ಎರಡನೆಯ ಪೆಟ್ಟನ್ನು ತಡೆಯುವ ಪ್ರಯತ್ನ. ತೆಳುಗಾಳಿಯ ನೆಲೆಯಲ್ಲಿ ಎರಡನೆಯ ಪೆಟ್ಟು ಹೆಚ್ಚು ಉಗ್ರವಾಗುವುದು ಇದರಿಂದಲೇ.

ಪೆಟ್ಟಿನ ತೀವ್ರತೆಯನ್ನು ಅಳೆಯಲು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 1974ರಲ್ಲಿ ಗ್ಲಾಸ್ಗೊ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಮಾಪನ. ಕಣ್ಣು ಬಿಡುವಿಕೆ, ಮಾತು, ಕೈಕಾಲಿನ ಚಲನೆ — ಈ ಮೂರಕ್ಕೆ ಅಂಕ ನೀಡಿ 3ರಿಂದ 15ರವರೆಗೆ ಲೆಕ್ಕಹಾಕುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಗಾಯ. ಹಳ್ಳಿಯಲ್ಲಿ ಬಿದ್ದವರ ಬಳಿಗೆ ಓಡಿದವರು ಹೆಸರು ಹಿಡಿದು ಕೂಗುವುದು, ಮಾತನಾಡಿಸುವುದು, ಚಿವುಟಿ ನೋಡುವುದು ಇವೇ ಮೂರನ್ನು. ಆದರೆ ಈ ಮಾಪನಕ್ಕೂ ಮಿತಿಯಿದೆ. ಅರಿವಳಿಕೆ ಕೊಟ್ಟಿರುವ, ಉಸಿರಾಟದ ಕೊಳವೆ ಹಾಕಿರುವ ರೋಗಿಯನ್ನು ಮಾತನಾಡಿಸಲಾಗದು. ಸಿ.ಟಿ. ಸ್ಕ್ಯಾನ್ ರಕ್ತದ ಹೆಪ್ಪನ್ನು ತೋರಿಸುತ್ತದೆ, ಜೀವಕೋಶಗಳ ಮಟ್ಟದ ಕೇಡನ್ನೆಲ್ಲ ತೋರಿಸದು. ದೂರದ ಪರ್ವತ ಠಾಣೆಯಲ್ಲಿ ಅದು ಕೈಗೆಟುಕುವುದೂ ಇಲ್ಲ. ಹೀಗಾಗಿ ಒಂದು ತೊಟ್ಟು ರಕ್ತದಿಂದ ಒಳಪೆಟ್ಟನ್ನು ತಿಳಿಯುವ ಹುಡುಕಾಟ ಆರಂಭವಾಯಿತು.

ನೆತ್ತರಿನಲ್ಲಿ ತೇಲುವ ಸೂಚನೆ

ಜೀವಕೋಶದಲ್ಲಿ ಪ್ರೊಟೀನು ತಯಾರಾಗಬೇಕಾದರೆ ವಂಶವಾಹಿಯಿಂದ ಒಂದು ಸಂದೇಶದ ಪ್ರತಿ ಹೊರಡಬೇಕು. ಅದೇ ಸಂದೇಶವಾಹಕ ಆರ್‌ಎನ್‌ಎ. ಈ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುವ ಅಥವಾ ತಗ್ಗಿಸುವ ಸಣ್ಣ ತುಣುಕೇ ಮೈಕ್ರೊಆರ್‌ಎನ್‌ಎ. ಇದರ ಉದ್ದ ಸುಮಾರು 22 ನ್ಯೂಕ್ಲಿಯೊಟೈಡ್‌ಗಳು ಮಾತ್ರ. ಕಾಲುವೆಯ ತೂಬಿನಂತೆ ಇದು ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಪುಟ್ಟ ಹುಳುವಿನಲ್ಲಿ ಇದನ್ನು ಕಂಡುಹಿಡಿದರು. ಈ ಶೋಧಕ್ಕಾಗಿ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೆ ಸಂದಿತು.

ಆರ್‌ಎನ್‌ಎ ಬೇಗ ಒಡೆದುಹೋಗುವ ವಸ್ತು. ಹಾಗಿದ್ದರೂ ಮೈಕ್ರೊಆರ್‌ಎನ್‌ಎಗಳು ರಕ್ತದಲ್ಲಿ ಕೆಡದೆ ಉಳಿಯುತ್ತವೆಂಬುದು 2008ರ ಸುಮಾರಿಗೆ ಖಚಿತವಾಯಿತು. ಅವು ಕೋಶಗಳು ಹೊರಬಿಡುವ ಅತಿ ಚಿಕ್ಕ ಕೋಶಕಗಳೊಳಗೆ ಸೇರಿಕೊಂಡೋ ಪ್ರೊಟೀನುಗಳಿಗೆ ಅಂಟಿಕೊಂಡೋ ಸಂಚರಿಸುತ್ತವೆ. ಮಿದುಳಿಗೂ ರಕ್ತಕ್ಕೂ ನಡುವೆ ಇರುವ ತಡೆ ಪೆಟ್ಟಿನಿಂದ ಸಡಿಲವಾದಾಗ ಮಿದುಳಿನ ಕೋಶಗಳ ಅಂಶಗಳು ರಕ್ತಕ್ಕೆ ಸೇರುತ್ತವೆ. ಗಾಯಕ್ಕೆ ಇಡೀ ದೇಹ ತೋರುವ ಪ್ರತಿಕ್ರಿಯೆಯಿಂದಲೂ ಇವುಗಳ ಪ್ರಮಾಣ ಬದಲಾಗುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೀವ್ರ ತಲೆಪೆಟ್ಟಾದವರ ಪ್ಲಾಸ್ಮಾದಲ್ಲಿ 16 ಮತ್ತು 92ಎ ಸಂಖ್ಯೆಯ ಮೈಕ್ರೊಆರ್‌ಎನ್‌ಎಗಳು ತಗ್ಗಿರುವುದನ್ನೂ 765ನೆಯದು ಹೆಚ್ಚಿರುವುದನ್ನೂ ತೋರಿಸಿತು. ಅನಂತರ ಇಂಥ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದವು. 2019ರಲ್ಲಿ ‘ಮಿಲಿಟರಿ ಮೆಡಿಕಲ್ ರಿಸರ್ಚ್’ ನಿಯತಕಾಲಿಕದಲ್ಲಿ ಪ್ರಕಟವಾದ ಚೀನಾದ ಸಂಶೋಧಕರ ಲೇಖನ ಎತ್ತರದ ಪ್ರದೇಶದಲ್ಲಿ ತೀವ್ರ ಮಿದುಳು ಗಾಯಕ್ಕೊಳಗಾದವರ ರಕ್ತವನ್ನೇ ಆಯ್ದುಕೊಂಡು, ಕಾಲ ಸರಿದಂತೆ ಅದರಲ್ಲಿ ಮೈಕ್ರೊಆರ್‌ಎನ್‌ಎಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಪರಿಶೀಲಿಸಿತು.

ಓದುವಿಕೆಯ ತೊಡಕುಗಳು

ಈ ಸಂಶೋಧನೆಯ ಮಹತ್ವವೂ ತೊಡಕೂ ‘ಎತ್ತರ’ ಎಂಬ ಒಂದೇ ಅಂಶದಲ್ಲಿವೆ. ಪೆಟ್ಟೇ ಬೀಳದ ಆರೋಗ್ಯವಂತನ ರಕ್ತವೂ ತೆಳುಗಾಳಿಯಲ್ಲಿ ಬದಲಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಕೋಶಗಳಲ್ಲಿ 210ನೆಯ ಮೈಕ್ರೊಆರ್‌ಎನ್‌ಎ ಹೆಚ್ಚುವುದು ಚೆನ್ನಾಗಿ ತಿಳಿದ ಸಂಗತಿ. ಆದ್ದರಿಂದ ಲೇಹ್‌ನಲ್ಲಿ ಗಾಯಗೊಂಡವನ ರಕ್ತವನ್ನು ಮಾಗಡಿಯ ಆರೋಗ್ಯವಂತನ ರಕ್ತದೊಡನೆ ಹೋಲಿಸಿದರೆ, ಕಂಡ ವ್ಯತ್ಯಾಸದಲ್ಲಿ ಎಷ್ಟು ಪಾಲು ಪೆಟ್ಟಿನದು, ಎಷ್ಟು ಪಾಲು ಗಾಳಿಯದು ಎಂದು ಬಿಡಿಸಲಾಗದು. ಹೋಲಿಕೆ ಅದೇ ಎತ್ತರದಲ್ಲಿ, ಅಷ್ಟೇ ಕಾಲ ನೆಲೆಸಿದವರೊಡನೆ ನಡೆಯಬೇಕು. ನಿನ್ನೆ ಮೇಲೇರಿದ ಬಯಲುಸೀಮೆಯ ಸೈನಿಕನೂ ಅಲ್ಲಿಯೇ ಹುಟ್ಟಿ ಬೆಳೆದ ಕುರಿಗಾಹಿಯೂ ಒಂದೇ ಅಲ್ಲ.

ಇತರ ತೊಡಕುಗಳೂ ಇವೆ. ಕೆಂಪು ರಕ್ತಕಣಗಳಲ್ಲಿ 16ನೆಯ ಮೈಕ್ರೊಆರ್‌ಎನ್‌ಎ ಹೇರಳವಾಗಿದೆ. ರಕ್ತ ತೆಗೆಯುವಾಗ ಆ ಕಣಗಳು ಒಡೆದರೆ ಲೆಕ್ಕವೇ ತಪ್ಪುತ್ತದೆ. ಕೈಕಾಲು ಮುರಿದಿದ್ದರೆ ಅದರ ಪ್ರಭಾವವೂ ಸೇರುತ್ತದೆ. ಮೊದಲ ದಿನದ ಅಳತೆಗೂ ನಂತರದ ದಿನಗಳ ಅಳತೆಗೂ ಅರ್ಥ ಬೇರೆ. ಇದನ್ನು ಅಳೆಯಲು ಸುಸಜ್ಜಿತ ಪ್ರಯೋಗಾಲಯ ಬೇಕು. ಈ ಕಾರಣಗಳಿಂದ ಮೈಕ್ರೊಆರ್‌ಎನ್‌ಎ ಪರೀಕ್ಷೆ ಇನ್ನೂ ತಲೆಪೆಟ್ಟಿನ ನಿತ್ಯದ ಚಿಕಿತ್ಸೆಗೆ ಬಂದಿಲ್ಲ. ರಕ್ತಪರೀಕ್ಷೆಯ ದಾರಿಯಲ್ಲಿ ಮುಂದೆ ಸಾಗಿರುವುದು ಪ್ರೊಟೀನುಗಳು. ಮಿದುಳಿನ ಎರಡು ಪ್ರೊಟೀನುಗಳನ್ನು ಅಳೆದು, ಸೌಮ್ಯ ತಲೆಪೆಟ್ಟಾದವರಲ್ಲಿ ಸ್ಕ್ಯಾನ್ ಬೇಕೇ ಬೇಡವೇ ಎಂದು ನಿರ್ಧರಿಸಲು ನೆರವಾಗುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಫೆಬ್ರವರಿಯಲ್ಲಿ ಅನುಮತಿ ನೀಡಿತು.

ಹಣೆಬರಹವೂ ರಕ್ತದ ಬರಹವೂ

ತಲೆಬುರುಡೆಯ ಮೂಳೆಗಳು ಕೂಡುವ ಅಂಕುಡೊಂಕು ಗೆರೆಗಳನ್ನು ಬ್ರಹ್ಮನ ಬರಹವೆಂದು ನೋಡುವ ನಂಬಿಕೆ ಭಾರತದ ಹಲವೆಡೆ ಇದೆ. ಕನ್ನಡದ ‘ಹಣೆಬರಹ’ ಆ ಕಲ್ಪನೆಗೆ ಸೇರಿದ ಪದ. ತೀವ್ರ ನಿಗಾ ಘಟಕದ ಹೊರಗೆ ಕಾದು ಕೂತ ಬಂಧುಗಳ ಬಾಯಲ್ಲಿ ಮೊದಲು ಬರುವುದೂ ಈ ಪದವೇ. ರಕ್ತದ ಹೊಸ ಸೂಚಕಗಳನ್ನು ಜನ ಇನ್ನೊಂದು ಹಣೆಬರಹವೆಂದು ಓದುವ ಅಪಾಯ ಇಲ್ಲಿದೆ. ಹಣೆಬರಹ ಒಮ್ಮೆ ಬರೆದದ್ದು, ಅಳಿಸಲಾಗದ್ದು. ಮೈಕ್ರೊಆರ್‌ಎನ್‌ಎಯ ಪ್ರಮಾಣ ಗಂಟೆಗಂಟೆಗೂ ಬದಲಾಗುವಂಥದು. ಅದು ನಡೆಯುತ್ತಿರುವ ಕ್ರಿಯೆಯ ಸೂಚನೆ. ಎರಡನೆಯ ಪೆಟ್ಟು ಎಷ್ಟು ವೇಗವಾಗಿ ಸಾಗುತ್ತಿದೆ ಎಂದು ತಿಳಿದರೆ ಅದನ್ನು ತಡೆಯುವ ಅವಕಾಶವೂ ತಿಳಿಯುತ್ತದೆ. ಆ ಅವಕಾಶವೇ ಈ ಸಂಶೋಧನೆಯ ಗುರಿ.

ಜನಪದರ ತಿಳಿವಳಿಕೆಯಲ್ಲಿಯೂ ಎರಡು ಬಗೆಯನ್ನು ಬೇರ್ಪಡಿಸಿಕೊಳ್ಳಬೇಕು. ಒಳಪೆಟ್ಟು ಎಂಬ ಪರಿಕಲ್ಪನೆ ಸರಿಯಾದುದು. ಹಾಲು ಹೆಪ್ಪಾಗುವುದನ್ನು ಕಂಡ ಜನ ನೆತ್ತರು ‘ಹೆಪ್ಪುಗಟ್ಟುವುದನ್ನು’ ಅದೇ ಮಾತಿನಲ್ಲಿ ಹೇಳಿದ್ದು ಕೂಡ ನಿಖರವಾದ ಗ್ರಹಿಕೆ. ಆದರೆ ‘ನೆತ್ತರು ಹೊರಗೆ ಹೋಯಿತು, ಇನ್ನು ಭಯವಿಲ್ಲ’ ಎಂಬ ನೆಮ್ಮದಿಗೆ ಆಧಾರವಿಲ್ಲ; ನೆತ್ತಿಯ ಚರ್ಮದಿಂದ ಹರಿದ ರಕ್ತ ಬುರುಡೆಯೊಳಗಿನ ಸ್ಥಿತಿಯನ್ನು ತಿಳಿಸದು. ‘ಎದ್ದು ಕೂತ, ಮಾತಾಡಿದ, ಇನ್ನೇನಿಲ್ಲ’ ಎಂಬ ತೀರ್ಮಾನ ಇನ್ನೂ ಅಪಾಯಕಾರಿ. ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ನೆತ್ತರು ನಿಧಾನವಾಗಿ ತುಂಬುವಾಗ ಗಾಯಾಳು ಕೆಲವು ಗಂಟೆ ಎಚ್ಚರವಾಗಿದ್ದು, ಊಟ ಮಾಡಿ ಮಲಗಿ, ಮತ್ತೆ ಏಳದೆ ಹೋಗುವುದುಂಟು. ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದರಿಂದ ಅದು ನಿಲ್ಲುವುದಿಲ್ಲ. ಬಿದ್ದವರ ಕುತ್ತಿಗೆ ಅಲುಗದಂತೆ ನೋಡಿಕೊಳ್ಳುವುದು, ಉಸಿರಿಗೆ ಅಡ್ಡಿಯಾಗದಂತೆ ಕಾಯುವುದು, ಮತ್ತೆ ಮತ್ತೆ ವಾಂತಿ, ಮಂಪರು, ತೊದಲು, ಕಣ್ಣಾಲಿಗಳ ಗಾತ್ರದಲ್ಲಿ ವ್ಯತ್ಯಾಸ ಕಂಡರೆ ತಡಮಾಡದೆ ಸಾಗಿಸುವುದು — ಇವು ಯಾವ ಪ್ರಯೋಗಾಲಯವನ್ನೂ ಬೇಡದ ಕೆಲಸಗಳು. 108 ಆಂಬ್ಯುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರ ನವೆಂಬರಿನಿಂದ ನಡೆಯುತ್ತಿದೆ. ನೆರವಾದವರಿಗೆ ಪೊಲೀಸು, ಕೋರ್ಟುಗಳ ಕಿರುಕುಳ ತಗುಲದಂತೆ ರಾಜ್ಯ 2016ರಲ್ಲಿ ಕಾನೂನನ್ನೂ ರೂಪಿಸಿದೆ. 1974ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ನಿಮ್ಹಾನ್ಸ್ ಮಾಗಡಿಯಿಂದ ಒಂದೆರಡು ಗಂಟೆಯ ಹಾದಿ. ಸಿಯಾಚಿನ್‌ನ ಸೈನಿಕನಿಗೆ ಹವೆ ತಿಳಿಯಾಗುವವರೆಗೆ ಹೆಲಿಕಾಪ್ಟರಿಗೆ ಕಾಯಬೇಕಾದ ಸ್ಥಿತಿ. ಮಾಗಡಿಯ ಗಾಯಾಳು ಕಾಯಬೇಕಾಗಿ ಬರುವುದು ಬಹುಪಾಲು ‘ಏನೂ ಆಗಿಲ್ಲ’ ಎಂಬ ಮಾತಿನಿಂದ.

ಸಮಾರೋಪ

ಒಟ್ಟಿನಲ್ಲಿ, ಎತ್ತರದ ನೆಲೆಗಳಲ್ಲಿ ತೀವ್ರ ತಲೆಪೆಟ್ಟಾದವರ ರಕ್ತದ ಮೈಕ್ರೊಆರ್‌ಎನ್‌ಎಗಳ ಅಧ್ಯಯನ ಇನ್ನೂ ಆರಂಭದ ಹಂತದಲ್ಲಿದೆ. ರಕ್ತದ ಸೂಚನೆಯನ್ನು ಅದು ದೊರೆತ ನೆಲೆ, ಗಳಿಗೆ ಹಾಗೂ ಆ ದೇಹದ ಹಿನ್ನೆಲೆಯಿಂದ ಬಿಡಿಸಿ ಓದಲಾಗದೆಂಬುದು ಅದು ಈಗಾಗಲೇ ಕಲಿಸಿರುವ ಪಾಠ. ಪಠ್ಯವನ್ನು ಅದರ ಸಂದರ್ಭದಿಂದ ಬೇರ್ಪಡಿಸಿ ಅರ್ಥೈಸಬಾರದೆಂಬ ಜಾನಪದ ಅಧ್ಯಯನದ ಮೂಲತತ್ವವೂ ಇದೇ. ಒಳಪೆಟ್ಟು ಎಂಬ ಮಾತನ್ನು ಕೊಟ್ಟ ಜನರಿಗೆ ಆ ಮಾತಿನ ಪೂರ್ಣ ಅರ್ಥವನ್ನು ಹಿಂದಿರುಗಿಸುವ ಹೊಣೆ ವಿದ್ವಾಂಸರದು. ‘ಮಿದುಳಿನ ಆಘಾತ’ ಎಂಬ ಗ್ರಾಂಥಿಕ ಪದಕ್ಕಿಂತ ‘ತಲೆಯ ಒಳಪೆಟ್ಟು’ ಎಂಬ ಪದವನ್ನು ಆರೋಗ್ಯ ಇಲಾಖೆಯ ಕರಪತ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ, ಬೀದಿನಾಟಕಗಳಲ್ಲಿ ಬಳಸಿದರೆ ಹೇಳಬೇಕಾದುದು ಹೆಚ್ಚು ಬೇಗ ತಲುಪುತ್ತದೆ. ಸಾವನದುರ್ಗದ ಬುಡದ ಹಳ್ಳಿಗಳಲ್ಲಿ ಈ ಪದವನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಅದರೊಡನೆ ಕೂಡಲೇ ಮಾಡಬೇಕಾದ ಕೆಲಸವನ್ನು ಜೋಡಿಸಿ ಹೇಳಿದರೆ ಸಾಕು.